ನಿನ್ನ ಕಥೆಯ ಅಜ್ಜಿಗೆ ಸಿಟ್ಟೇ ಬರಲ್ವಾ?

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು. ಗಾಬರಿಯಾಗಬೇಡ.

ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಕೇಳಿದ್ದೀಯ. ಅದನ್ನೆಲ್ಲ ಬೇರೆ ಯಾರಾದರೂ ಹೇಳುತ್ತಾರೆ. ನನ್ನ ತಲೆ ಕೆಡಿಸಿದ್ದು ನಿನ್ನ ಪ್ಯಾಲೆಸ್ತೀನಿ ಅಜ್ಜಿ. 1948ರಲ್ಲಿ, ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ, ಹಳ್ಳಿ ಬಿಟ್ಟು ಗಾಜಾದ ನಿರಾಶ್ರಿತರ ಶಿಬಿರ ಸೇರಿದವಳು, ಮನೆಯ ಬೀಗದಕೈ ಇನ್ನೂ ಕುತ್ತಿಗೆಯಲ್ಲಿದೆ. ಸರಿ, ಹಾಗೆ ಬೀಗದಕೈ ಜೋಪಾನ ಮಾಡಿದವರು ನಿಜವಾಗಿಯೂ ಇದ್ದಾರೆ. ಆದರೆ ಇಪ್ಪತ್ತು ಪುಟದಲ್ಲಿ ಅವಳು ಒಮ್ಮೆಯೂ ರೇಗುವುದಿಲ್ಲ. ಸೊಸೆಗೂ ಒಂದು ಮಾತು ಅನ್ನುವುದಿಲ್ಲ. ಬರೀ ರೊಟ್ಟಿ ಹಂಚುತ್ತಾಳೆ, ಎಲ್ಲರನ್ನೂ ಕ್ಷಮಿಸುತ್ತಾಳೆ. ನಿಮ್ಮನೆ ಅಜ್ಜಿ ಹೀಗಿದ್ದಾರೇನೋ?

ನಾನೂ ಇದೇ ತಪ್ಪು ಮಾಡಿದವನು. 1982ರಲ್ಲಿ ಬೈರೂತ್‌ನ ಸಾಬ್ರಾ, ಶಾತಿಲಾದಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರ ಆ ಕೊಲೆಗಳಾದಾಗ ಇಂಥದ್ದೇ ಒಬ್ಬ ಅಜ್ಜಿಯ ಮೇಲೆ ಒಂದು ಕವನ ಬರೆದು ಸಭೆಯಲ್ಲಿ ಓದಿದೆ. ಸಿಕ್ಕಾಪಟ್ಟೆ ಚಪ್ಪಾಳೆ. ಆಮೇಲೆ ಟೀ ಕುಡಿಯುವಾಗ ಒಬ್ಬ ಪ್ಯಾಲೆಸ್ತೀನಿ ವಿದ್ಯಾರ್ಥಿ ಹತ್ತಿರ ಬಂದ. ಗೆಳೆಯನೊಬ್ಬ ಅವನಿಗೆ ಅರ್ಥ ಹೇಳಿದ್ದನಂತೆ. ಲೋಟದಲ್ಲಿ ಮೂರು ಚಮಚ ಸಕ್ಕರೆ ಕದಡುತ್ತಾ ಕೇಳಿದ: "ನಮ್ಮಜ್ಜಿ ಮಹಾ ಜಗಳಗಂಟಿ. ಸುಳ್ಳು ಬೇರೆ ಹೇಳ್ತಾಳೆ. ಅವಳು ಮನೆಗೆ ವಾಪಸ್ ಹೋಗಬಾರದಾ?"

ನಾನು ಏನೋ ತಡವರಿಸಿದೆ. ಅವತ್ತೇ ಆ ಕವನ ಹರಿದು ಹಾಕಿದೆ ಅಂದರೆ ಸುಳ್ಳಾಗುತ್ತದೆ. ಸಂಕಲನಕ್ಕೆ ಸೇರಿಸಿದೆ. ಇವತ್ತಿಗೂ ಯಾರಾದರೂ ಅದನ್ನು ಹೊಗಳಿದರೆ ಆ ಚಮಚದ ಸದ್ದು ಕೇಳುತ್ತದೆ.

'ಅಯ್ಯೋ ಪಾಪ' ಅನ್ನುವುದು ಬೇರೆ, ಹಕ್ಕು ಬೇರೆ ಕಣೋ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ 30 ವಿಧಿಗಳಿವೆ, ಕೂತು ಓದು. ಮೊದಲನೆಯದರ ಕರಡು ಪ್ರತಿಯಲ್ಲಿ 'ಗಂಡಸರು' ಅಂತಲೂ ಓದಿಕೊಳ್ಳಬಹುದಾದ ಪದ ಇತ್ತು. 'ಎಲ್ಲ ಮನುಷ್ಯರು' ಅಂತ ಮಾಡಿ ಎಂದು ಪಟ್ಟು ಹಿಡಿದವರು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. 'ಒಳ್ಳೆಯ ಮನುಷ್ಯರು' ಅಂತ ಮಾತ್ರ ಅಲ್ಲಿ ಎಲ್ಲೂ ಇಲ್ಲ. ತನ್ನ ದೇಶಕ್ಕೆ ಮರಳುವ ಹಕ್ಕು 13ನೇ ವಿಧಿಯಲ್ಲಿದೆ. ಅದನ್ನು ಒಪ್ಪಿದ್ದು 1948ರ ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ. ಮರುದಿನವೇ ವಿಶ್ವಸಂಸ್ಥೆಯ ಅದೇ ಮಹಾಸಭೆ 194ನೇ ನಿರ್ಣಯ ಮಾಡಿತು. ನೆರೆಯವರ ಜೊತೆ ಶಾಂತಿಯಿಂದ ಇರಲು ಒಪ್ಪುವ ನಿರಾಶ್ರಿತರನ್ನು ಮನೆಗೆ ಮರಳಲು ಬಿಡಬೇಕು ಅಂತ. (ಬೇಲಿ ಜಗಳ ಆಡಬಾರದು ಅಂತ ಅದರರ್ಥ ಅಲ್ಲ ಬಿಡು.) ನಿನ್ನ ಅಜ್ಜಿ ಇನ್ನೂ ಶಿಬಿರದಲ್ಲೇ ಇದ್ದಾಳೆ.

ಇನ್ನು ನಿನ್ನ ವಕೀಲನ ಪಾತ್ರ. ಯುದ್ಧ ಬಂದರೆ ಹಕ್ಕು ಮುಗಿಯಿತು ಅನ್ನುತ್ತಾನೆ. ಯಾವ ವಕೀಲನೋ ಅವನು! ಪ್ಯಾಲೆಸ್ತೀನಿಯರಿರುವ ವೆಸ್ಟ್ ಬ್ಯಾಂಕ್ ಪ್ರದೇಶದ ಒಳಗೆ ಇಸ್ರೇಲ್ ಕಟ್ಟಿದ ಗೋಡೆಯ ಬಗ್ಗೆ 2004ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತಲ್ಲ, ಅದನ್ನಾದರೂ ಅವನು ಓದಿರಬೇಕಿತ್ತು. ಕೆಲವು ಹಕ್ಕುಗಳನ್ನು ಸ್ವಲ್ಪ ಕಾಲ ಮೊಟಕು ಮಾಡಬಹುದು, ಆದರೆ ಯುದ್ಧ ಬಂತು ಅಂತ ಹಕ್ಕುಗಳು ನಿಂತುಹೋಗುವುದಿಲ್ಲ ಅಂತ ಅದರಲ್ಲಿದೆ. ಯುದ್ಧದಲ್ಲಿ ಸಾಮಾನ್ಯ ಜನರನ್ನು ಕಾಯಲು ಮಾಡಿದ 1949ರ ನಾಲ್ಕನೇ ಜಿನೀವಾ ಒಪ್ಪಂದ ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರನ್ನು ಶಿಕ್ಷಿಸಬಾರದು ಅನ್ನುತ್ತದೆ. ಅದರ ಮುಂದಿನ ವಿಧಿಯೇ ಒತ್ತೆಯಾಳು ಹಿಡಿಯಬಾರದು ಅಂತ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್‌ನಿಂದ ಗಾಜಾಕ್ಕೆ ಎಳೆದುಕೊಂಡು ಹೋದವರಲ್ಲೂ ಅಜ್ಜಿಯರಿದ್ದರು. ನಿನ್ನ ಕಥೆಯಲ್ಲಿ ಅವರ ಸುಳಿವೇ ಇಲ್ಲ. ಕಥೆ ನಿನ್ನದು, ಸೇರಿಸು ಅಂತ ನಾನು ಹೇಳಲ್ಲ. ಆದರೆ ಮರೆತು ಬಿಟ್ಟೆಯೋ, ಹೆದರಿ ಬಿಟ್ಟೆಯೋ ನೀನೇ ನೋಡಿಕೋ.

ಬೈದೆ ಅಂತ ಬೇಜಾರು ಮಾಡಿಕೊಳ್ಳಬೇಡ. ನೀರಿನ ಸಾಲಿನ ಆ ಹದಿನಾಲ್ಕನೇ ಪುಟ ಇದೆಯಲ್ಲ, ನನ್ನಿಂದ ಅಂಥದ್ದು ಬರೆಯಲು ಆಗಲಿಲ್ಲ. ಖಾಲಿ ಕ್ಯಾನ್‌ಗಳನ್ನು ಸಾಲಾಗಿ ಇಟ್ಟು ಜನ ನೆರಳಿಗೆ ಹೋಗಿದ್ದಾರೆ, ಬಿಸಿಲಲ್ಲಿ ಕ್ಯಾನ್‌ಗಳೇ ಕಾಯುತ್ತಿವೆ. ಅದನ್ನು ಮುಟ್ಟಬೇಡ. ಅಲ್ಲಿ ಅಜ್ಜಿ ತನ್ನ ಸರದಿ ಬೇರೆಯವಳಿಗೆ ಬಿಟ್ಟುಕೊಡುವುದನ್ನು ಮಾತ್ರ ಹೊಡೆದುಹಾಕು. ಯಾರೂ ನೋಡದಾಗ ಅವಳು ತನ್ನ ಕ್ಯಾನ್ ಎರಡು ಜಾಗ ಮುಂದೆ ಇಡಲಿ. ಪಕ್ಕದವಳು ಬೈಯಲಿ. ಇವಳೂ ಬೈಯಲಿ. ಇಬ್ಬರಿಗೂ ನೀರು ಬೇಕು.

ತಿದ್ದಿ ತಗೊಂಡು ಬಾ, ಊಟಕ್ಕೆ ಇಲ್ಲೇ ಇರು.

ನಿನ್ನ
ಅಣ್ಣ