ತಾಲ್ಲೂಕು ಆಸ್ಪತ್ರೆಗೂ ಡಯಟೀಶಿಯನ್ ಬೇಕು

ಮಾನ್ಯರೇ,

ಸಕ್ಕರೆ ಕಾಯಿಲೆಯವರಿಗೆ ಊಟದ ಬಗ್ಗೆ ಕೂತು ತಿಳಿಸಿ ಹೇಳುವವರು ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಸಿಗುವುದೇ ಕಷ್ಟವಾಗಿದೆ. ಕಳೆದ ತಿಂಗಳು ಒಂದು ಆಸ್ಪತ್ರೆಯಲ್ಲಿ ನಮ್ಮ ಅಮ್ಮನ ಕೈಗೆ ಅಚ್ಚು ಹಾಕಿದ ಚೀಟಿ ಕೊಟ್ಟರು. ಅದರಲ್ಲಿ ಓಟ್ಸ್, ಬ್ರೊಕೋಲಿ, ಬ್ರೌನ್ ಬ್ರೆಡ್ ಇದ್ದವು. ಅಮ್ಮ ಕೇಳಿದ್ದು ಇಷ್ಟೇ: ‘ಮುದ್ದೆ ಉಣ್ಣಬಹುದಾ? ಎಷ್ಟು ದಪ್ಪದ್ದು?’ ಹೇಳುವವರು ಯಾರೂ ಇರಲಿಲ್ಲ.

ಡಯಟೀಶಿಯನ್ ಕೆಲಸವೇ ಅದು ಅಲ್ವಾ? ತೂಕ, ರಕ್ತ ಪರೀಕ್ಷೆ, ನುಂಗುವ ಮಾತ್ರೆ, ಮನೆಯ ಅಡುಗೆ ಎಲ್ಲವನ್ನೂ ನೋಡಿ ಮುದ್ದೆ ಎಷ್ಟು, ಜೊತೆಗೆ ಸೊಪ್ಪು-ಕಾಳು ಎಷ್ಟು ಎಂದು ಹೇಳಬೇಕು. ಸುಮ್ನೆ ಮೊಬೈಲ್ ನೋಡಿ ಸಲಹೆ ಕೊಡುವವರಿಂದ ಇದು ಆಗದು.

ಪಿಯುಸಿ ವಿಜ್ಞಾನ ಓದಿದ ಎಷ್ಟೋ ಮಕ್ಕಳಿಗೆ ಈ ದಾರಿ ಗೊತ್ತೇ ಇಲ್ಲ. ಆಹಾರ ಮತ್ತು ಪೋಷಣೆ ವಿಷಯದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಓದಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದವರು ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಪರೀಕ್ಷೆ ಬರೆದು ನೋಂದಾಯಿತ ಡಯಟೀಶಿಯನ್ ಆಗಬಹುದು. ಡಯಾಲಿಸಿಸ್ ಘಟಕ, ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ, ಕ್ರೀಡಾಪಟುಗಳ ತರಬೇತಿ, ಆಹಾರ ಕಂಪನಿ, ಹೀಗೆ ಕೆಲಸದ ಜಾಗಗಳೂ ಹಲವು. ಆರೋಗ್ಯ ವೃತ್ತಿಪರರಿಗಾಗಿ ಬಂದ 2021ರ ಕೇಂದ್ರ ಕಾಯ್ದೆಯಲ್ಲಿ ಈ ವೃತ್ತಿಯೂ ಸೇರಿದೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಕಾಯಂ ಡಯಟೀಶಿಯನ್ ಇರುವಂತೆ ಸರ್ಕಾರ ನೋಡಿಕೊಳ್ಳಲಿ. ಪಿಯು ಕಾಲೇಜುಗಳು ಫಲಿತಾಂಶಕ್ಕೆ ಮೊದಲೇ ಮಕ್ಕಳಿಗೆ ಈ ಕೋರ್ಸಿನ ಬಗ್ಗೆ ತಿಳಿಸಲಿ.

– ಓದುಗರೊಬ್ಬರು, ಮಂಡ್ಯ