ಹಾರದೆ ಇಳಿದವರ ಬಗ್ಗೆ

ಉಡುಪಿ

ಪ್ರೀತಿಯ ಮಗಾ,

ನಿನ್ನ ಕಾಗದ ಬಂತು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಲ್ಲಿ ಹೇಳಿರುತ್ತಾಳೆ, ಮತ್ತೆ ನಾನು ಬರೆಯುವುದಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, 'ವಿಮಾನದ ಭಯ ಇಲ್ಲ ದೊಡ್ಡಪ್ಪ, ಏರ್ ಶೋ ದಿನ ಅಷ್ಟು ಜನರ ಎದುರು ಇವತ್ತು ಹಾರುವುದಿಲ್ಲ ಅನ್ನಲು ಬಾಯಿ ಬರುತ್ತದಾ ಅಂತ ಭಯ' ಎಂದು. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನೀನು ಹಾರಿಸುವ ಹಾರ್ವರ್ಡ್, ಹಳೆಯ ತರಬೇತಿ ವಿಮಾನವಾದರೂ, ಒಳ್ಳೆಯ ವಿಮಾನ. ನಮ್ಮ ಏರ್‌ಫೋರ್ಸಿನ ಎಷ್ಟೋ ಪೈಲಟ್‌ಗಳು ಅದರಲ್ಲೇ ಕಲಿತವರು. ಆದರೆ ಸ್ಟಾಲ್ ಆದರೆ, ಅಂದರೆ ರೆಕ್ಕೆಗೆ ವಿಮಾನ ಎತ್ತಿ ಹಿಡಿಯುವ ಶಕ್ತಿ ತಪ್ಪಿದರೆ, ಒಂದು ರೆಕ್ಕೆ ಪಟ್ಟನೆ ಬೀಳುತ್ತದೆ. ಮೇಲೆ ಇದ್ದರೆ ಸರಿ ಮಾಡಿಕೊಳ್ಳಬಹುದು. ಶೋದಲ್ಲಿ ಹಾರುವ ಎತ್ತರದಲ್ಲಿ ಅಷ್ಟು ಪುರುಸೊತ್ತು ಎಲ್ಲಿ?

ನಾನು ಏರ್‌ಫೋರ್ಸಿನಲ್ಲಿ ಹಂಟರ್ ಅನ್ನುವ ಜೆಟ್ ಯುದ್ಧವಿಮಾನದ ರಿಪೇರಿ ಕೆಲಸ ಮಾಡಿದವನು. ಅದಕ್ಕೇ 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಮ್ ಏರ್ ಶೋದಲ್ಲಿ ಆದದ್ದನ್ನು ಟಿವಿಯಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅದೂ ಹಂಟರ್. ಲೂಪ್, ಅಂದರೆ ಆಕಾಶದಲ್ಲಿ ಮೇಲೆ ಕೆಳಗೆ ಒಂದು ಪೂರ್ತಿ ಸುತ್ತು, ಹಾಕಲು ಏರಿತು. ತುದಿ ಮುಟ್ಟುವಾಗ ಸ್ಪೀಡೂ ಕಮ್ಮಿ, ಎತ್ತರವೂ ಕಮ್ಮಿ. 3,500 ಅಡಿ ಬೇಕಿತ್ತು, ಇದ್ದದ್ದು ಸುಮಾರು 2,700. ಅಲ್ಲಿಂದಲೇ ಹೊರಳಿಸಿಕೊಂಡು ನೇರ ಹೊರಟು ಹೋಗಬಹುದಿತ್ತು ಅಂತ ತನಿಖೆ ಹೇಳಿತು. ಲೂಪ್ ಮುಂದುವರಿಯಿತು, ವಿಮಾನ ಎ27 ಹೆದ್ದಾರಿಗೆ ಬಿತ್ತು. ಮೈದಾನದ ಹೊರಗೆ ರಸ್ತೆಯಲ್ಲಿದ್ದ 11 ಜನ ಹೋದರು. ಫುಟ್‌ಬಾಲ್ ಆಡಲು ಹೊರಟ ಹುಡುಗರೂ ಇದ್ದರು. ಪೈಲಟ್ ಬದುಕಿದರು. 2019ರಲ್ಲಿ ಕೋರ್ಟು ಅವರನ್ನು ತಪ್ಪಿತಸ್ಥರಲ್ಲ ಅಂದಿತು. ಅವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಲೂಪಿನ ತುದಿಯ ಆ ಕ್ಷಣ ನಿನಗೂ ಬರಬಹುದು ಅಂತ ಬರೆಯುತ್ತಿದ್ದೇನೆ.

ದೂರದ ಮಾತು ಯಾಕೆ, ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣದ್ದೇ ಇದೆ. 2010ರ ಮೇ 22. ಇಳಿಯುತ್ತಿರುವ ರೀತಿ ಸರಿ ಇಲ್ಲ, ಮತ್ತೆ ಏರಿ ಸುತ್ತು ಹಾಕಿ ಬರೋಣ ಅಂತ ಪಕ್ಕದ ಸೀಟಿನಲ್ಲಿದ್ದ ಪೈಲಟ್ ಮೂರು ಸಲ ಹೇಳಿದ್ದರಂತೆ. ತನಿಖೆಯಲ್ಲಿ ಹಾಗೇ ಬಂದಿದೆ. ಆದರೂ ಇಳಿಸಿದರು. 158 ಜನ ಹೋದರು. ಅದು ಪ್ರಯಾಣಿಕರ ವಿಮಾನ, ಶೋ ಅಲ್ಲ, ಗೊತ್ತು. ಆದರೆ ಬೇಡ ಅನ್ನುವುದು ಎಷ್ಟು ಕಷ್ಟ ನೋಡು. ಹೇಳುವವರು ಇದ್ದರೂ ಕೇಳುವವರು ಬೇಕು. ನೀನು ಒಬ್ಬನೇ ಹಾರುವಾಗ ಹೇಳುವವನೂ ನೀನೇ, ಕೇಳುವವನೂ ನೀನೇ.

ನಮ್ಮ ಕಾಲದ್ದು ಒಂದು ಹೇಳುತ್ತೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ. ದೊಡ್ಡ ಅಧಿಕಾರಿಗಳ ಎದುರು ಫ್ಲೈಪಾಸ್ಟ್ ಇತ್ತು. ಶಾಮಿಯಾನ, ಕುರ್ಚಿ, ಬ್ಯಾಂಡು ಎಲ್ಲ ತಯಾರು. ನಮ್ಮ ಫ್ಲೈಟ್ ಲೆಫ್ಟಿನೆಂಟ್ ಒಬ್ಬರು ವಿಮಾನ ಸರಿ ಇದೆ ಅಂತ ಒಪ್ಪಿಕೊಳ್ಳುವ ಫಾರ್ಮ್ 700ಕ್ಕೆ ಸಹಿ ಹಾಕಿ, ಹತ್ತಿ ಕೂತು, ಸ್ಟ್ರಾಪ್ ಬಿಗಿದು, ಇಂಜಿನ್ ಸ್ಟಾರ್ಟ್ ಮಾಡಿ ಸ್ಟಿಕ್ ಆಡಿಸಿ ನೋಡಿದರು. ಮತ್ತೊಮ್ಮೆ ಆಡಿಸಿದರು. ಆಮೇಲೆ ಇಂಜಿನ್ ನಿಲ್ಲಿಸಿ ಇಳಿದೇ ಬಿಟ್ಟರು. 'ಏನೋ ಸರಿ ಅನಿಸುತ್ತಿಲ್ಲ' ಅಂದರು, ಅಷ್ಟೇ. ನಾವು ಪ್ಯಾನೆಲ್ ಬಿಚ್ಚಿ ಸಂಜೆವರೆಗೂ ಹುಡುಕಿದೆವು. ಏನೂ ಸಿಗಲಿಲ್ಲ. ಮರುದಿನ ಅದೇ ವಿಮಾನವನ್ನು ಬೇರೆಯವರು ಹಾರಿಸಿದರು, ಏನೂ ಆಗಲಿಲ್ಲ. ಹಿಂದಿನಿಂದ ನಕ್ಕವರು ತುಂಬಾ ಜನ. 'ನೀವು ಮಾಡಿದ್ದು ಸರಿ ಸಾರ್' ಅನ್ನಲು ನನ್ನ ಬಾಯಿಗೂ ಮಾತು ಬರಲಿಲ್ಲ. ಅವರಿಗೆ ವರ್ಗವಾಯಿತು, ಆಮೇಲೆ ಸಿಗಲೇ ಇಲ್ಲ. ಈ ವಯಸ್ಸಿನಲ್ಲಿ ಅದು ಜಾಸ್ತಿ ಕಾಡುತ್ತದೆ.

ನಿನ್ನ ಭಯವೂ ಇದೇ ಅಲ್ವಾ? ಬಿದ್ದರೆ ತನಿಖೆ ಆಗುತ್ತದೆ, ರಿಪೋರ್ಟು ಬರುತ್ತದೆ. ಹಾರದೆ ಇಳಿದವನು ಸರಿಯಾಗಿದ್ದ ಅಂತ ಯಾವ ರಿಪೋರ್ಟೂ ಬರುವುದಿಲ್ಲ. ಮಲ್ಪೆಯ ತಾಂಡೇಲರು, ಬೋಟು ನಡೆಸುವವರು, ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನವರೆಗೆ ಹೋಗಿ, ತೆರೆ ನೋಡಿ, ಬೋಟು ತಿರುಗಿಸಿಕೊಂಡು ಬರುವುದಿಲ್ಲವಾ, ಹಾಗೆ. ಆ ದಿನದ ಡೀಸೆಲ್ ದಂಡ, ನಾಲ್ಕು ಜನರ ಮಾತೂ ಕೇಳಬೇಕು.

ಕೈಯ ಕೆಲಸದ್ದು ಎರಡು ಮಾತು ಹೇಳಲಾ? ನಿನಗೆ ಗೊತ್ತಿರುವುದೇ ಇರಬಹುದು, ಬೇಜಾರು ಮಾಡಬೇಡ. 2011ರಲ್ಲಿ ಅಮೆರಿಕದ ರೀನೋ ರೇಸಿನಲ್ಲಿ ಮಸ್ಟಾಂಗ್ ಬಿದ್ದು ಪೈಲಟ್ ಸೇರಿ 11 ಜನ ಸತ್ತರಲ್ಲ, ಬಾಲದ ಟ್ರಿಮ್ ಟ್ಯಾಬ್ ಅನ್ನುವ ಸಣ್ಣ ಪಟ್ಟಿಯ ಲಾಕ್‌ನಟ್‌ಗಳು, ತಾವಾಗಿ ಸಡಿಲವಾಗದ ನಟ್‌ಗಳು, ಹಳತಾಗಿ ಹಿಡಿತ ಬಿಟ್ಟಿದ್ದವು. ಹೊಸ ಲಾಕ್‌ನಟ್ ಬೆರಳಲ್ಲಿ ಸ್ವಲ್ಪ ತಿರುಗಿ, ಒಳಗಿನ ನೈಲಾನ್ ಬಳೆಗೆ ತಾಗಿದ ಕೂಡಲೇ ನಿಲ್ಲುತ್ತದೆ. ಮುಂದಕ್ಕೆ ಸ್ಪ್ಯಾನರ್ ಬೇಕೇ ಬೇಕು. ಬೆರಳಲ್ಲೇ ಕೊನೆಯವರೆಗೆ ಹೋಯಿತು ಅಂದರೆ ಅದನ್ನು ಬಿಸಾಡು, ಎಷ್ಟೇ ದುಬಾರಿ ಇರಲಿ. ಸ್ಟಾರ್ಟ್‌ಗೆ ಮುಂಚೆ ಸ್ವಿಚ್ ಆಫ್ ನೋಡಿಕೊಂಡು ಪ್ರೊಪೆಲರ್ ಕೈಯಲ್ಲಿ ತಿರುಗಿಸುವುದನ್ನು ಬಿಡಬೇಡ, ಕೆಳಗಿನ ಸಿಲಿಂಡರಿಗೆ ಆಯಿಲ್ ಇಳಿದಿರುತ್ತದೆ, ಹಾಗೇ ಸ್ಟಾರ್ಟ್ ಮಾಡಿದರೆ ಇಂಜಿನ್ ಹಾಳು.

ಇನ್ನೊಂದು. 2022ರ ನವೆಂಬರಿನಲ್ಲಿ ಅಮೆರಿಕದ ಡಲ್ಲಾಸ್ ಶೋದಲ್ಲಿ ಬಿ-17 ಮತ್ತು ಪಿ-63 ಅನ್ನುವ ಎರಡು ಹಳೆಯ ಯುದ್ಧವಿಮಾನ ಡಿಕ್ಕಿಯಾಗಿ ಆರು ಜನ ಹೋದರು. ವಿಮಾನಗಳನ್ನು ದೂರ ದೂರ ಇಡುವುದು ಹೇಗೆ ಅಂತ ಮೊದಲೇ ಸರಿಯಾಗಿ ಗೊತ್ತು ಮಾಡಿರಲಿಲ್ಲ, ರೇಡಿಯೋದಲ್ಲಿ ಆಗಿಂದಾಗ ಹೇಳುತ್ತಿದ್ದರು. ಬೆಳಗಿನ ಬ್ರೀಫಿಂಗಿನಲ್ಲಿ ಇಲ್ಲದ್ದನ್ನು ಮೇಲೆ ಹೋದಾಗ ಹೇಳಿದರೆ ನೀನು ಪಕ್ಕಕ್ಕೆ ಸರಿದು ಇಳಿದು ಬಾ. ಎತ್ತರ, ಸ್ಪೀಡು ಹಿಂದಿನ ರಾತ್ರಿಯೇ ಬರೆದು ತೊಡೆಗೆ ಕಟ್ಟಿಕೋ. ಆ ಹೊತ್ತಿಗೆ ಬಾಯಿ ಬಾರದಿದ್ದರೂ ನಂಬರ್ ಕಣ್ಣೆದುರು ಇರುತ್ತದೆ.

ಮೊದಲ ಶೋಗೆ ನಿನ್ನ ಅಪ್ಪ ಅಮ್ಮ ಟಿಕೆಟ್ ಮಾಡಿಸುವ ಮಾತಾಡುತ್ತಿದ್ದಾರೆ. ಅಷ್ಟು ದೂರದಿಂದ ಅವರು ಬಂದು ಮುಂದಿನ ಸಾಲಿನಲ್ಲಿ ಕೂತರೆ ಬೇಡ ಅನ್ನುವುದು ನಿನಗೆ ಇನ್ನೂ ಕಷ್ಟ ಮಾರಾಯ. ಅವರು ಮುಂದಿನ ವರ್ಷ ಹೋಗಲಿ ಅಂತ ನಾನು ಹೇಳಿ ನೋಡಲಾ? ಬೈಗುಳ ನನಗಿರಲಿ, ನಿನ್ನ ಹೆಸರು ತರುವುದಿಲ್ಲ. ನಿನಗೆ ಒಪ್ಪಿಗೆ ಇದ್ದರೆ ಒಂದು ಸಾಲು ಬರೆ, ಅವರು ದುಡ್ಡು ಕಟ್ಟುವ ಮೊದಲೇ.

ನಿನ್ನ ದೊಡ್ಡಪ್ಪ