ಗೆಳೆಯನಿಗೊಂದು ಪತ್ರ: ಫಿಜಿಯ ರತು ಜಾರ್ಜ್ ಬಗ್ಗೆ ಬರೆಯುವ ಮುನ್ನ

ಪ್ರಿಯ ಗೆಳೆಯ,

ಫಿಜಿಯ ಗವರ್ನರ್ ಜನರಲ್ ಆಗಿದ್ದ ರತು ಜಾರ್ಜ್ ಬಗ್ಗೆ ನೀನು ಬರೆದ ಕರಡು ಓದಿದೆ. ಮೊದಲು ಅವರ ಮನೆತನದ ಹೆಸರು ಸರಿಮಾಡಿಕೊ. ‘ಕಕೋಬೌ’ ಅಲ್ಲ, ದಾಕೊಂಬಾವು. ಫಿಜಿಯವರು ‘ಸಿ’ (c) ಅಕ್ಷರವನ್ನು ಹೆಚ್ಚುಕಡಿಮೆ ನಮ್ಮ ದಕಾರದಂತೆ ಉಚ್ಚರಿಸುತ್ತಾರೆ, ಪದದ ನಡುವಿನ ‘ಬಿ’ಯನ್ನು ‘ಂಬ’ ಎಂದು. ‘ರತು’ ಹೆಸರಲ್ಲ, ಅರಸುಮನೆತನದ ಗಂಡಸರ ಬಿರುದು. 1874ರಲ್ಲಿ ಫಿಜಿಯನ್ನು ಬ್ರಿಟಿಷರಿಗೆ ಒಪ್ಪಿಸಿದ ಸೇರು ದಾಕೊಂಬಾವು ಅವರ ಮರಿಮೊಮ್ಮಗ ರತು ಜಾರ್ಜ್, ಹುಟ್ಟಿದ್ದು 1912ರಲ್ಲಿ.

ಇನ್ನು ಫಿಜಿ ರಗ್ಬಿ ತಂಡದ ದಿಂಬಿ ಕುಣಿತ. ಅದು ‘ಯುದ್ಧಕ್ಕೆ ಹೊರಡುವ ಮುನ್ನ ಕುಣಿಯುವುದು’ ಎಂದು ಬರೆದಿದ್ದೀಯ, ತೆಗೆದುಹಾಕು. 1939ರಲ್ಲಿ ಫಿಜಿ ತಂಡ ನ್ಯೂಜಿಲೆಂಡ್ ಪ್ರವಾಸಕ್ಕೆ ಸಿದ್ಧವಾಗುತ್ತಿದ್ದಾಗ, ಅಲ್ಲಿನವರು ಪಂದ್ಯಕ್ಕೆ ಮುಂಚೆ ಕುಣಿಯುವ ಹಾಕಾಕ್ಕೆ ಎದುರಾಗಿ ನಮ್ಮದೂ ಒಂದು ಇರಲಿ ಎಂದು ರತು ಜಾರ್ಜ್ ಬಾವು ದ್ವೀಪದ ನವುಸರಂದವೆಯ ಯೋಧರ ಮುಖ್ಯಸ್ಥ ರತು ಬೋಲಾ ಅವರ ಬಳಿ ಹೋದರು. ಅವರು ಕಲಿಸಿಕೊಟ್ಟದ್ದು ದಿಂಬಿ. ಅಡಚಣೆ ಏನೆಂದರೆ, ಅದು ಗೆದ್ದು ಊರಿಗೆ ಮರಳಿದ ಯೋಧರ ಕುಣಿತ. ಪಂದ್ಯಕ್ಕೆ ಮುಂಚೆ ಕುಣಿದರೆ ಕ್ರಮವೇ ತಲೆಕೆಳಗು. ಹಾಗಿದ್ದೂ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2012ರಲ್ಲಿ ಅದರ ಬದಲು ಸವಾಲು ಸ್ವೀಕರಿಸುವ ಕುಣಿತವಾದ ಬೊಲೆಯನ್ನು ತಂದರು. 1939ರಲ್ಲಿ ಮಾತ್ರ ಯಾರಿಗೂ ಅಪಶಕುನ ಅನ್ನಿಸಿರಲಾರದು: ಆ ಪ್ರವಾಸದಲ್ಲಿ ಫಿಜಿ ಒಂದು ಪಂದ್ಯವನ್ನೂ ಸೋಲಲಿಲ್ಲ.

ಆ ಪ್ರವಾಸದಲ್ಲಿ ಮಾವೊರಿ (ನ್ಯೂಜಿಲೆಂಡಿನ ಮೂಲನಿವಾಸಿಗಳ) ತಂಡವನ್ನು 14–4ರಿಂದ ಸೋಲಿಸಿದ್ದನ್ನು ಈಗಿನ ಲೆಕ್ಕದಲ್ಲಿ ಓದಬೇಡ. ಆಗ ಟ್ರೈಗೆ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) 3 ಅಂಕ, ಡ್ರಾಪ್ ಗೋಲಿಗೆ (ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಒದ್ದು ಕಂಬಗಳ ನಡುವೆ ದಾಟಿಸುವುದು) 4. ಈಗ ಟ್ರೈಗೆ 5, ಡ್ರಾಪ್ ಗೋಲಿಗೆ 3. ಅಂದರೆ ಮಾವೊರಿಗಳಿಗೆ ದಕ್ಕಿದ್ದು ಒಂದೇ ಒಂದು ಡ್ರಾಪ್ ಗೋಲು, ಒಂದು ಟ್ರೈ ಕೂಡ ಇಲ್ಲ.

ಅದಕ್ಕೂ ಹಿಂದಿನ ರಗ್ಬಿ ಹೇಗಿತ್ತು ಎನ್ನುವುದಕ್ಕೆ 1924ರ ಆಗಸ್ಟಿನ ಪಂದ್ಯ ಸಾಕು. ಫಿಜಿಯ ಮೊದಲ ಟೆಸ್ಟ್, ಸಮೋವಾದ ಅಪಿಯಾದಲ್ಲಿ. ಮೈದಾನದ ಮಧ್ಯರೇಖೆಯ ಮೇಲೆ ದೊಡ್ಡದೊಂದು ಮರ! ಸಮೋವಾದ ಆಟಗಾರರು ಕೆಲಸಕ್ಕೆ ಹೋಗಬೇಕಿದ್ದರಿಂದ ಬೆಳಿಗ್ಗೆ 7ಕ್ಕೇ ಆಟ ಶುರು. ಫಿಜಿ 6–0ರಿಂದ ಗೆದ್ದಿತು.

ಕ್ರಿಕೆಟ್ಟನ್ನೂ ಒಂದು ಸಾಲಿನಲ್ಲಿ ಸೇರಿಸು. 1948ರಲ್ಲಿ ನ್ಯೂಜಿಲೆಂಡಿಗೆ ಹೋದ ಫಿಜಿ ತಂಡದಲ್ಲಿ ರತು ಜಾರ್ಜ್ ಇದ್ದರು. ನಾಯಕ ಫಿಲಿಪ್ ಸ್ನೋ, ವಸಾಹತು ಸರ್ಕಾರದ ಅಧಿಕಾರಿ.

ಸರ್ಕಾರಿ ಬದುಕಿನ ಭಾಗ ತೆಳುವಾಗಿದೆ. 1951ರಿಂದ ಶಾಸನ ಮಂಡಳಿ, 1970ರ ಸ್ವಾತಂತ್ರ್ಯದ ನಂತರ ಸಚಿವ, 1973ರಿಂದ 1983ರವರೆಗೆ ಗವರ್ನರ್ ಜನರಲ್ (ಬ್ರಿಟನ್ ರಾಣಿಯ ಪ್ರತಿನಿಧಿ), ಆ ಹುದ್ದೆಗೇರಿದ ಮೊದಲ ಮೂಲನಿವಾಸಿ. ಇಷ್ಟು ಹೇಳಿ 1977ಕ್ಕೆ ಬಾ. ಆ ವರ್ಷದ ಚುನಾವಣೆಯಲ್ಲಿ 52 ಸ್ಥಾನಗಳಲ್ಲಿ ಭಾರತೀಯ ಮೂಲದವರೇ ಹೆಚ್ಚಾಗಿ ಬೆಂಬಲಿಸುತ್ತಿದ್ದ ನ್ಯಾಷನಲ್ ಫೆಡರೇಷನ್ ಪಕ್ಷಕ್ಕೆ 26, ಅದುವರೆಗೆ ಪ್ರಧಾನಿಯಾಗಿದ್ದ ಮಾರಾ ಅವರ ಪಕ್ಷವಾದ ಅಲಯನ್ಸ್‌ಗೆ 24. ಗೆದ್ದವರು ತಮ್ಮೊಳಗೇ ಜಗಳವಾಡುತ್ತ ದಿನ ಕಳೆದರು. ರತು ಜಾರ್ಜ್ ಅವರು ಅಲಯನ್ಸ್‌ನ ಮಾರಾ ಅವರನ್ನೇ ಮತ್ತೆ ಪ್ರಧಾನಿ ಮಾಡಿದರು. ಆ ಸರ್ಕಾರ ಬಹುಮತವಿಲ್ಲದೆ ಉರುಳಿತು, ಸೆಪ್ಟೆಂಬರಿನಲ್ಲಿ ಮರುಚುನಾವಣೆ ನಡೆದು ಅಲಯನ್ಸ್‌ಗೆ 36 ಸ್ಥಾನ ಸಿಕ್ಕವು. ಜಗಳ ಪಕ್ಷದ್ದೇ ಆದರೂ, ಇನ್ನೆರಡು ದಿನ ಕಾದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನೀನು ಬಿಡಬಾರದು. ಕುಣಿತಕ್ಕೆ ಕೊಟ್ಟಷ್ಟು ಜಾಗವನ್ನು ಇದಕ್ಕೂ ಕೊಡು.

ತಿದ್ದಿದ ಕರಡು ಕಳಿಸು, ನೋಡುತ್ತೇನೆ.

ನಿನ್ನ ಗೆಳೆಯ